ನಾಲ್ಕನೇ ಭಾಗಕ್ಕೆ ಎಷ್ಟು ಮಾರ್ಕ್ಸ್

"ಆ ಪಿಕ್ಚರ್ ನೋಡಿ ಯಾರಾದ್ರೂ ಅಳ್ತಾರೇನ್ರಿ?"

ಪಕ್ಕದ ಹಾಸಿಗೆಯಿಂದ ಬಂದ ಪ್ರಶ್ನೆಗೆ ಹುಲುಗೇಶ್ ಥಟ್ಟನೆ ಕಣ್ಣೊರೆಸಿಕೊಂಡ. ಅವನ ಹೊಟ್ಟೆಯ ಮೇಲಿದ್ದ ಮೊಬೈಲಿನಲ್ಲಿ 'ಕೆಸ್ಟ್ರಾನ್' ಎಂಬ ಬಾಹ್ಯಾಕಾಶ ಸಿನಿಮಾ ಸರಣಿಯ ನಾಲ್ಕನೇ ಭಾಗ ತೆಲುಗು ಡಬ್ಬಿಂಗ್‌ನಲ್ಲಿ ಓಡುತ್ತಿತ್ತು. ಎಡಗೈಗೆ ಈಗಷ್ಟೇ ಎರಡು ದಪ್ಪ ಸೂಜಿ ಚುಚ್ಚಿದ್ದರು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೆ.

"ಸೂಜಿಗೆ ಬಂದದ್ದು ರೀ, ಪಿಕ್ಚರಿಗಲ್ಲ."

"ಸೂಜಿಗಾದ್ರ ಪರವಾಗಿಲ್ಲ. ನಾಕನೇ ಪಾರ್ಟಿಗೆ ಅತ್ತಿದ್ರ ನಿಮ್ಮ ತಲಿನೂ ಒಮ್ಮೆ ಚೆಕ್ ಮಾಡಿಸಬೇಕಾಗ್ತಿತ್ತು."

ಅವನು ತಿರುಗಿ ನೋಡಿದ. ಹೊಸಬಳು. ಬಿಳಚಿಕೊಂಡ ಮುಖ, ಬಿಗಿಯಾಗಿ ಹೆಣೆದ ಜಡೆ. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ಮೊದಲೇ ಮುಚ್ಚುತ್ತಿತ್ತು. ಆ ಒಂದು ಗಳಿಗೆಯನ್ನು ಅವನು ಅವತ್ತೇ ಗಮನಿಸಿದ.

ಹೊಸಪೇಟೆಯ ಆ ಡಯಾಲಿಸಿಸ್ ಸೆಂಟರಿನಲ್ಲಿ ಎಂಟು ಹಾಸಿಗೆ, ಎಂಟು ಮಷೀನು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮೊದಲ ಪಾಳಿ. ಮೈಯ ರಕ್ತವನ್ನು ಹೊರಗೆಳೆದು, ತೊಳೆದು, ಮತ್ತೆ ಒಳಗೆ ಬಿಡುವುದಕ್ಕೆ ನಾಲ್ಕು ತಾಸು. ಹುಲುಗೇಶ್ ಕುರೆಕುಪ್ಪದವನು. ಎಂಟು ವರ್ಷ ಸ್ಟೀಲ್ ಪ್ಲಾಂಟಿನಲ್ಲಿ ಕ್ರೇನ್ ಓಡಿಸಿದ್ದ. ಮೂವತ್ತೊಂದನೇ ವಯಸ್ಸಿಗೆ ಎರಡೂ ಕಿಡ್ನಿ ಕೈಕೊಟ್ಟವು. ಮನೆಯವರು ಒಂದು ಕಿಡ್ನಿ ಕೊಡೋಣವೆಂದರೆ ತಾಯಿ ಉಚ್ಚಂಗೆಮ್ಮನಿಗೆ ಸಕ್ಕರೆ ಕಾಯಿಲೆ, ಅಣ್ಣ ಯಲ್ಲೇಶನ ರಕ್ತ ಹೊಂದಲಿಲ್ಲ. ಸತ್ತವರ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಅವನ ಹೆಸರು ಎಲ್ಲೋ ಕೆಳಗಿತ್ತು. ಸೆಂಟರಿನಲ್ಲಿ ಯಾರೂ ಯಾರೊಂದಿಗೂ ಹೆಚ್ಚು ಮಾತು ಬೆಳೆಸುತ್ತಿರಲಿಲ್ಲ. ಬರುವ ವಾರ ಆ ಹಾಸಿಗೆಯಲ್ಲಿ ಬೇರೆಯವರಿರಬಹುದು ಎಂಬ ಭಯ ಎಲ್ಲರಿಗೂ ಇತ್ತು.

ಅವಳು ಮಾತ್ರ ಆ ಭಯವನ್ನು ಇನ್ನೂ ಕಲಿತಿರಲಿಲ್ಲ. ಹೆಸರು ಗಂಗೋತ್ರಿ. ಕಂಪ್ಲಿಯ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ತಂದೆ ಕೊಟ್ರಯ್ಯನವರಿಗೆ ರೈಸ್ ಮಿಲ್ಲಿತ್ತು. ತಾಯಿ ಕೊಟ್ರಬಸಮ್ಮ ನಾಲ್ಕೂ ತಾಸು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಬುಧವಾರ ಗಂಗೋತ್ರಿ ಒಂದು ನೋಟ್‌ಬುಕ್ ತಂದಳು. ಕೆಸ್ಟ್ರಾನ್‌ನ ಏಳು ಭಾಗಗಳಿಗೂ ಕೆಂಪು ಪೆನ್ನಿನಲ್ಲಿ ಮಾರ್ಕ್ಸ್ ಹಾಕಿದ್ದಳು. ಕಥೆಗೆ ನಲವತ್ತು, ಯುದ್ಧಕ್ಕೆ ಮೂವತ್ತು, ವಿಲನ್‌ಗೆ ಇಪ್ಪತ್ತು, ಮ್ಯೂಸಿಕ್‌ಗೆ ಹತ್ತು.

"ಎರಡನೇದು ಫಸ್ಟ್ ರ್‍ಯಾಂಕ್," ಎಂದಳು. "ಚಂದ್ರನ ಮ್ಯಾಲಿನ ಜೈಲು ಒಡದು ಕಮಾಂಡರ್ ಹೊರಗ ಬರ್ತಾಳಲ್ಲ, ಅದಕ್ಕ ತೊಂಬತ್ತೆರಡು."

"ನಾಕನೇದಕ್ಕ?"

"ಮೂವತ್ತೈದು. ಪಾಸ್ ಮಾಡೀನಿ, ಅಷ್ಟು ದಯಾ ಐತಿ ನನಗ."

"ಅನ್ಯಾಯ ರೀ ಇದು!"

"ಏನು ಅನ್ಯಾಯ? ಎರಡೂವರೆ ತಾಸು ಒಂದು ಕೆಟ್ಟ ಹಡಗು. ಇಂಜಿನ್ ಬಂದ್. ಯುದ್ಧ ಇಲ್ಲ, ವಿಲನ್ ಇಲ್ಲ. ಹತ್ತು ಮಂದಿ ಕುಂತು ಇನ್ನ ಎಷ್ಟು ಗಾಳಿ ಉಳದೈತಿ ಅಂತ ನೋಡ್ಕೊಂತ ಇರ್ತಾರ."

"ಅದಕ್ಕ ಚಲೋ ಐತಿ ಅನ್ನೋದು. ಉಳಿದವುಗಳಾಗ ಬಟನ್ ಒತ್ತಿದ ಕೂಡ್ಲೆ ಇನ್ನೊಂದು ಗ್ರಹ ಬರ್ತೈತಿ. ಕಾಯೋದು ಹೆಂಗಿರ್ತೈತಿ ಅಂತ ತೋರಿಸಿದ್ದು ಅದೊಂದೇ. ನಾನು ಕ್ರೇನ್ ಕ್ಯಾಬಿನ್ನಾಗ ಹಂಗ ಕುಂದ್ರತಿದ್ದೆ ರೀ. ಕೆಳಗ ಕಾದ ಕಬ್ಬಿಣ, ಮ್ಯಾಲ ನಾನೊಬ್ಬನ. ಆ ಪೈಲಟ್ ಸುಮ್ಮನ ಹೊರಗ ನೋಡ್ತಾನಲ್ಲ, ಅವನ ಮುಖ ನನಗ ಗೊತ್ತೈತಿ."

ಗಂಗೋತ್ರಿ ಪೆನ್ನಿನ ತುದಿಯನ್ನು ಕೆನ್ನೆಗೆ ಒತ್ತಿಕೊಂಡು ಅವನನ್ನೇ ನೋಡಿದಳು. ಆಮೇಲೆ ಮೂವತ್ತೈದನ್ನು ಹೊಡೆದು ಮೂವತ್ತೇಳು ಮಾಡಿದಳು.

"ಇಷ್ಟ?"

"ಇವತ್ತಿಗೆ ಇಷ್ಟ. ಶುಕ್ರವಾರ ಮತ್ತ ವಾದ ಮಾಡ್ರಿ."

ಹೀಗೆ ಶುರುವಾದ ಜಗಳ ಐದು ತಿಂಗಳು ನಡೆಯಿತು. ಐದನೇ ಭಾಗದ ಕ್ಲೈಮ್ಯಾಕ್ಸ್ ಮೋಸವೇ? ಏಳನೆಯದರಲ್ಲಿ ಸತ್ತವರನ್ನು ಬದುಕಿಸಿದ್ದು ಸರಿಯೇ? "ಅದು ಪಕ್ಕಾ ಕಾಸಿಗಾಗಿ ಮಾಡಿದ್ದು," ಎನ್ನುತ್ತಿದ್ದ ಅವನು. "ಸತ್ತವರು ವಾಪಸ್ ಬಂದ್ರ ನಿಮಗೇನು ತ್ರಾಸು?" ಎನ್ನುತ್ತಿದ್ದಳು ಅವಳು. ನರ್ಸ್ ಸಂಗಮ್ಮ ಬಿ.ಪಿ. ನೋಡಲು ಬಂದಾಗಲೆಲ್ಲ ಬೈಯುತ್ತಿದ್ದಳು: "ನಿಮ್ಮಿಬ್ಬರದೂ ಒಟ್ಟಿಗೇ ಏರೈತಿ. ಬಾಯಿ ಮುಚ್ಚಿ ಮಲಗ್ರಿ." ಇಬ್ಬರೂ ಬಾಯಿ ಮುಚ್ಚಿ, ಕಣ್ಣಿನಲ್ಲೇ ಜಗಳ ಮುಂದುವರಿಸುತ್ತಿದ್ದರು.

ಒಂದು ದಿನ ಬೆಂಚಿನ ಮೇಲೆ ಕೊಟ್ರಬಸಮ್ಮ ಕೇಳಿದರು. "ಯಾವ ಊರಪ್ಪ? ಯಾರ ಪೈಕಿ?"

"ಕುರೆಕುಪ್ಪ ರೀ, ಅಮ್ಮ. ನಾವು ಎಸ್ಸಿ. ಮನಿಯಾಗ ಹುಲಿಗೆಮ್ಮನ ಫೋಟೋನೂ ಐತಿ, ಬುದ್ಧನ ಫೋಟೋನೂ ಐತಿ."

ಅವರು ತಲೆಯಾಡಿಸಿದರು. ಮುಂದಿನ ಒಂದು ವಾರ ಅವನನ್ನು ಮಾತಾಡಿಸಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ, ತಾಯಿ ಸಂಬಂಧಿಕರ ಮನೆಗೆ ಹೋಗಿದ್ದಾಗ, ಗಂಗೋತ್ರಿ ಅವನನ್ನು ಹಂಪಿಗೆ ಕರೆದಳು. ಹಂಪಿ ಬಜಾರಿನ ಕಲ್ಲು ಮಂಟಪವೊಂದರ ನೆರಳಿನಲ್ಲಿ ಕೂತರು. ಎದುರಿಗೆ ಬಂಡೆಗಳ ಗುಡ್ಡ ಬಿಸಿಲಿಗೆ ಉರಿಯುತ್ತಿತ್ತು.

"ಆರನೇ ಪಾರ್ಟಿನ ಗ್ರಹಕ್ಕ ಸುಮ್ಮನ ಗ್ರಾಫಿಕ್ಸ್ ಮಾಡ್ಯಾರ. ಇಲ್ಲಿಗೆ ಬಂದಿದ್ರ ಆಗ್ತಿತ್ತು," ಎಂದ ಅವನು.

ಎಳನೀರಿನವನು ಕೂಗಿ ಕರೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಕಿಡ್ನಿ ಕೆಟ್ಟವರಿಗೆ ಎಳನೀರು ವಿಷ. ನೀರು ಕೂಡ ಇಡೀ ದಿನಕ್ಕೆ ನಾಲ್ಕು ಲೋಟ ದಾಟುವಂತಿಲ್ಲ. ಅವಳು ಬಾಟಲಿಯಿಂದ ಒಂದು ಗುಟುಕು ಕುಡಿದು ಅವನ ಕಡೆ ಚಾಚಿದಳು.

"ಅಮ್ಮನ ಕಿಡ್ನಿ ನನಗ ಮ್ಯಾಚ್ ಆಗೈತಿ," ಎಂದಳು. "ಜೂನ್‌ದಾಗ ಬೆಂಗಳೂರಾಗ ಆಪರೇಷನ್."

ಬಾಟಲಿ ಅವನ ಕೈಯಲ್ಲೇ ಉಳಿಯಿತು.

"ಮಸ್ತ್ ಸುದ್ದಿ ಅಲ್ರಿ!" ಎಂದ, ಸ್ವಲ್ಪ ತಡವಾಗಿ.

"ಹೂಂ." ಅವಳು ಕಾಲಬೆರಳಿನಿಂದ ಧೂಳಿನಲ್ಲಿ ಗೆರೆ ಎಳೆಯುತ್ತಿದ್ದಳು. "ನನಗ ಹೇಳೋದು ಏನಾದ್ರೂ ಐತೇನು?"

ಇತ್ತು. ಆದರೆ ಜೈಲು ಒಡೆದು ಹೊರಗೆ ಹೊರಟವಳ ಕಾಲು ಹಿಡಿಯುವುದು ಹೇಗೆ?

"ಆರಾಮಾಗಿ ಹೋಗಿ ಬರ್ರಿ," ಎಂದ.

ಅವಳ ಎರಡೂ ಕಣ್ಣು ಒಟ್ಟಿಗೆ ಮುಚ್ಚಿ ತೆರೆದವು. ಅದು ನಗುವಾಗಿರಲಿಲ್ಲ.

ಆಪರೇಷನ್ ಆದ ಮೇಲೆ ಮೊದಲ ತಿಂಗಳು ಮೆಸೇಜು ಬಂದವು. 'ಇವತ್ತು ಎರಡು ಲೀಟರ್ ನೀರು ಕುಡಿದೆ!' ಎಂದು ಒಮ್ಮೆ ಬರೆದಿದ್ದಳು. ಅವನು ಅದನ್ನು ಹತ್ತು ಸಲ ಓದಿದ. ಎರಡನೇ ತಿಂಗಳು ಕಡಿಮೆಯಾದವು. ಆಗಸ್ಟ್ ಕೊನೆಗೆ ನಿಂತೇ ಹೋದವು. ಅವನು ಬರೆಯುತ್ತಿದ್ದ: 'ಆರನೇದಕ್ಕ ಮಾರ್ಕ್ಸ್ ಕಮ್ಮಿ ಮಾಡೀನಿ, ಒಪ್ಪತೀರೇನು?' ಉತ್ತರವಿಲ್ಲ. ಹೊಸ ಜೀವ ಬಂದಿದೆ, ಈ ಹಾಸಿಗೆಗಳ ನೆನಪು ಅವಳಿಗೆ ಯಾಕೆ ಬೇಕು ಎಂದುಕೊಂಡ. ಅವಳ ಹಾಸಿಗೆಗೆ ಗಾದಿಗನೂರಿನ ಮಾರೆಪ್ಪ ಎಂಬ ಹಿರಿಯರು ಬಂದರು. ಅಕ್ಟೋಬರಿನ ಒಂದು ಸೋಮವಾರ ಅವರು ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ನವೆಂಬರಿನ ಒಂದು ಬುಧವಾರ ಬಾಗಿಲು ತೆರೆಯಿತು. ಕೊಟ್ರಬಸಮ್ಮ ಒಳಗೆ ಬಂದರು. ಅವರ ಹಿಂದೆ, ಔಷಧಿಯಿಂದ ಊದಿದ ಮುಖದ, ಬಾಚಣಿಗೆ ಕಾಣದ ತಲೆಯ ಗಂಗೋತ್ರಿ.

ಹುಲುಗೇಶನ ಮುಖ ಅರಳಿತು. ತಡೆಯಲಾಗಲಿಲ್ಲ. ಹಲ್ಲು ಕಾಣುವಷ್ಟು ನಕ್ಕ.

ಅವಳು ಅದನ್ನು ನೋಡಿದಳು. ತಿರುಗಿ ಸಂಗಮ್ಮನಿಗೆ, "ನನಗ ಕಿಟಕಿ ಕಡೆ ಬೆಡ್ ಕೊಡ್ರಿ," ಎಂದಳು.

ಆಗಸ್ಟಿನಲ್ಲೇ ಸೋಂಕು ತಗುಲಿ, ಅವಳ ಮೈ ತಾಯಿಯ ಕಿಡ್ನಿಯನ್ನು ಒಪ್ಪದೆ ಹೋಗಿತ್ತು. ಡಾಕ್ಟರುಗಳು ಎರಡು ತಿಂಗಳು ಒದ್ದಾಡಿ ಕೈಬಿಟ್ಟಿದ್ದರು. ಸಂಗಮ್ಮ ಇದನ್ನು ಹೇಳುತ್ತಿದ್ದಾಗ ಹುಲುಗೇಶನಿಗೆ ತನ್ನ ನಗು ನೆನಪಾಯಿತು. ಅವಳು ಬದುಕನ್ನೇ ಕಳೆದುಕೊಂಡು ಬಂದಿದ್ದಳು, ಅವನು ಹಬ್ಬ ಬಂದವನಂತೆ ನಕ್ಕಿದ್ದ.

ಎರಡು ವಾರ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವನು ಮೊಬೈಲ್ ತೆರೆಯಲಿಲ್ಲ.

ಎರಡನೇ ವಾರದ ಶುಕ್ರವಾರ ಕೊಟ್ರಬಸಮ್ಮ ಬೆಂಚಿನ ಮೇಲೆ ಅವನ ಪಕ್ಕ ಬಂದು ಕೂತರು. ಕೂರುವಾಗ ಬಲಗೈಯಿಂದ ಪಕ್ಕೆ ಒತ್ತಿ ಹಿಡಿದಿದ್ದರು. ಹೊಲಿಗೆಯ ಜಾಗ ಇನ್ನೂ ನೋಯುತ್ತಿತ್ತು.

"ಮನಿಯಾಗೂ ಅಕಿ ಮಾತು ಬಿಟ್ಟಾಳಪ್ಪ. ಉಣ್ಣವಲ್ಲಳು. ನೀವಿಬ್ಬರು ಅದೇನೋ ಸಿನಿಮಾ ಜಗಳ ಮಾಡ್ತಿದ್ರಲ್ಲ, ಮತ್ತ ಒಂದು ಸಲ ಶುರು ಮಾಡು. ಬೈದಾದ್ರೂ ಬೈಲಿ."

"ಅದನ್ನ ಮಾಡಾಕ ನನಗ ಮುಖ ಇಲ್ಲ ಅಮ್ಮ. ನೀವು ಅಷ್ಟು ದೊಡ್ಡದನ್ನ ಕಳಕೊಂಡು ಬಂದಾಗ ನಾನು ನಕ್ಕೀನಿ."

"ನಾನೂ ನೋಡೀನಿ," ಎಂದರು. "ಅಕಿಗೇ ಹೇಳು ಹೋಗು."

ಸೋಮವಾರ ತೂಕ ನೋಡಿಸಿಕೊಂಡ ಮೇಲೆ, ಸೂಜಿ ಹಾಕುವ ಮೊದಲು, ಅವನು ಕಿಟಕಿಯ ಪಕ್ಕದ ಹಾಸಿಗೆಯ ಹತ್ತಿರ ಹೋಗಿ ನಿಂತ.

"ಅವತ್ತು ನಕ್ಕಿದ್ದು ಖರೇ," ಎಂದ. "ಸುಳ್ಳು ಹೇಳಂಗಿಲ್ಲ. ನಿಮ್ಮ ಮುಖ ಕಂಡ ಕೂಡ್ಲೆ ಖುಷಿ ಆತು. ಅಮ್ಮನ ಕಿಡ್ನಿ ಹೋಗೈತಿ ಅನ್ನೋ ವಿಚಾರನೇ ತಲಿಗೆ ಬರಲಿಲ್ಲ. ಅಷ್ಟು ಕೆಟ್ಟವನು ನಾನು. ಮಾಫ್ ಮಾಡ್ರಿ ಅಂತ ಕೇಳಾಕೂ ಬಾಯಿಲ್ಲ."

ಅವಳು ತಿರುಗಲಿಲ್ಲ.

"ಯಾಕ ಖುಷಿ ಆತು?" ಎಂದು ಗೋಡೆಯನ್ನೇ ಕೇಳಿದಳು.

"ಈಗ ಅದನ್ನ ಹೇಳಿದ್ರ..."

"ಹೇಳು."

ಅವಳು ಮೊದಲ ಸಲ 'ರೀ' ಬಿಟ್ಟಿದ್ದಳು. ಅವನು ಹಾಸಿಗೆಯ ಕಬ್ಬಿಣ ಹಿಡಿದುಕೊಂಡ.

"ನಿನ್ನ ಮ್ಯಾಲ ನನಗ ಜೀವ ಐತಿ. ಹಂಪಿಯಾಗೇ ಹೇಳಬೇಕಿತ್ತು. ನೀನು ಬದುಕಾಕ ಹೊಂಟಿದ್ದಿ, ನಾನು ಅಡ್ಡ ಬರಬಾರದು ಅಂದ್ಕೊಂಡೆ. ಐದು ತಿಂಗಳು ನೀನು ಆರಾಮಿರಲಿ ಅಂತಾನೂ ಬೇಡ್ಕೊಂಡೀನಿ, ಬಾಗಿಲಾಗ ಕಾಣಲಿ ಅಂತಾನೂ ಕಾದೀನಿ. ಎರಡೂ ಖರೇ."

ಗಂಗೋತ್ರಿ ಮೆಲ್ಲಗೆ ಎದ್ದು ಕೂತಳು. ಊದಿದ ಕೆನ್ನೆಗಳ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಬೆಂಗಳೂರಾಗ ಡಾಕ್ಟರ್ ಹೇಳಿದ್ರು, ಇದು ಹೋತು, ಇನ್ನ ಹೊಸಪೇಟಿಯಾಗೇ ಡಯಾಲಿಸಿಸ್ ಮಾಡಿಸ್ಕೊಳ್ರಿ ಅಂತ. ಅಮ್ಮ ಅಲ್ಲೇ ಪಕ್ಕೆ ಹಿಡ್ಕೊಂಡು ನಿಂತಿದ್ಲು, ಅಳಾಕತ್ತಿದ್ಲು. ಆ ಹೊತ್ತಿನ್ಯಾಗ ನನಗ ಮೊದಲು ಬಂದದ್ದು ಏನು ಗೊತ್ತೇನು? ಹುಲುಗೇಶ್ ಇರ್ತಾನ. ಅಷ್ಟ. ಎಂಥ ಮಗಳು ನಾನು? ಆಮ್ಯಾಲ ಇಲ್ಲಿಗೆ ಬಂದೆ, ನೀನು ನಕ್ಕಿ. ನನ್ನ ಹೊಟ್ಟಿಯಾಗಿಂದು ನಿನ್ನ ಮುಖದ ಮ್ಯಾಲ ಕಂಡಂಗ ಆತು. ಅದಕ್ಕ ನೋಡಾಕ ಆಗಲಿಲ್ಲ."

ಸಂಗಮ್ಮ ಸೂಜಿಗಳ ಟ್ರೇ ಹಿಡಿದು ಸ್ವಲ್ಪ ದೂರದಲ್ಲೇ ನಿಂತಳು. ಅವತ್ತು ಪಾಳಿ ಇಪ್ಪತ್ತು ನಿಮಿಷ ತಡವಾಯಿತು. ಅವನಿಗೂ ಕಿಟಕಿಯ ಕಡೆಯೇ ಹಾಸಿಗೆ ಸಿಕ್ಕಿತು.

ಮದುವೆಯ ಮಾತು ಎತ್ತಿದಾಗ ಕೊಟ್ರಯ್ಯನವರು ಮೊದಲು ಜಾತಿ ಹೇಳಿದರು. ಆಮೇಲೆ ಕಾಯಿಲೆ ಹೇಳಿದರು. ಆಮೇಲೆ ಊಟದ ತಟ್ಟೆ ಸರಿಸಿ ಎದ್ದು ಹೋದರು. ಕೊಟ್ರಬಸಮ್ಮ ಗಂಡನಿಗೆ ಹೇಳಿದ್ದನ್ನು ಗಂಗೋತ್ರಿ ಆಮೇಲೆ ಅವನಿಗೆ ಹೇಳಿದಳು: "ನನ್ನ ಮೈಯಾಗಿಂದು ತಗದು ಕೊಟ್ಟೆ, ಅದೂ ಅಕಿಗೆ ಒಗ್ಗಲಿಲ್ಲ. ಇನ್ನ ಅಕಿ ಬಾಯಿಬಿಟ್ಟು ಏನು ಕೇಳ್ತಾಳೋ ಅದನ್ನ ಇಲ್ಲ ಅನ್ನಂಗಿಲ್ಲ ನಾನು."

ಡಾಕ್ಟರು ಹುಲುಗೇಶನನ್ನು ಒಬ್ಬನನ್ನೇ ಕರೆದು ಹೇಳಿದ್ದರು. ಎರಡನೇ ಕಿಡ್ನಿ ಅವಳಿಗೆ ಹೊಂದುವುದು ಕಷ್ಟ. ಹೃದಯವೂ ಸೋತಿದೆ. ಎಷ್ಟು ವರ್ಷ ಎಂದು ಕೇಳಬೇಡಿ. ಅವನು ಕೇಳಲಿಲ್ಲ. ತನ್ನದನ್ನೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಎಂಟನೇ ಭಾಗ ಬಂತು, ಸರಣಿಯ ಕೊನೆಯದು. ಭಾನುವಾರ ಮ್ಯಾಟಿನಿಗೆ ಹೋದರು. ಭಾನುವಾರ ಅವರಿಗೆ ಎಲ್ಲಕ್ಕಿಂತ ಭಾರದ ದಿನ. ಮೈಯಲ್ಲಿ ಎರಡು ದಿನದ ನೀರು ನಿಂತು ಮೆಟ್ಟಿಲು ಹತ್ತಿದರೆ ಏದುಸಿರು. ಇಬ್ಬರೂ ರೇಲಿಂಗ್ ಹಿಡಿದು, ನಿಂತು ನಿಂತು ಬಾಲ್ಕನಿಗೆ ಹತ್ತಿದರು.

ಜನವರಿ ಕೊನೆಯ ಮಂಗಳವಾರ ಹೊಸಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ತಿಂಗಳ ಮೊದಲೇ ನೋಟಿಸ್ ಕೊಟ್ಟಿದ್ದರು. ಮಂಗಳವಾರವೇ ಯಾಕೆಂದರೆ ಸೋಮವಾರ, ಬುಧವಾರ ಬಿಡುವಿರಲಿಲ್ಲ. ಯಲ್ಲೇಶ, ಸಂಗಮ್ಮ, ಕೊಟ್ರಬಸಮ್ಮ ಮೂವರೂ ಸಾಕ್ಷಿ. ಉಚ್ಚಂಗೆಮ್ಮ, ಕೊಟ್ರಬಸಮ್ಮ ಒಂದೇ ಬೆಂಚಿನಲ್ಲಿ ಕೂತಿದ್ದರು, ನಡುವೆ ಒಂದು ಹೂವಿನ ಪೊಟ್ಟಣ. ಕೊಟ್ರಯ್ಯನವರು ಬರಲಿಲ್ಲ.

"ಎಂಟನೇದು ದಂಡ," ಎಂದಳು ಗಂಗೋತ್ರಿ, ತಮ್ಮ ಸರದಿಗೆ ಕಾಯುತ್ತಾ. "ಎಲ್ಲಾರೂ ಮನಿಗೆ ಹೋಗಿ ಸುಖವಾಗಿರ್ತಾರಂತ. ನಂಬಾಕ ಆಗ್ತೈತೇನು? ಇಪ್ಪತ್ತೆಂಟು ಕೊಟ್ಟೀನಿ. ಫೇಲ್."

"ನನಗ ಹಿಡಿಸ್ತು."

"ಹಿಡಿಸ್ತೇನು? ನಿನಗ? ಯಾಕ?"

"ಗೊತ್ತಿಲ್ಲ. ಅವರು ಅಡಿಗಿ ಮಾಡ್ಕೊಂಡು ಉಣ್ಣೋದು ನೋಡಿ ಚಲೋ ಅನಿಸ್ತು."

ಅವಳು ವಾದಕ್ಕೆ ಬಾಯಿ ತೆರೆದವಳು ಹಾಗೇ ನಿಲ್ಲಿಸಿದಳು. ಸೀರೆಯ ಸೆರಗು ಸರಿಸಿ, ಅವನ ಎಡಗೈಯ ಮೇಲೆ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಮೂರು ಬೆರಳು ಇಟ್ಟಳು. ಡಯಾಲಿಸಿಸ್‌ಗೆಂದು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದ ಜಾಗ ಅದು. ಒಳಗೆ ರಕ್ತ ರಭಸದಿಂದ ನುಗ್ಗುವಾಗ ಚರ್ಮದ ಕೆಳಗೆ ಜುಂಯ್ ಎಂದು ಸಣ್ಣಗೆ ನಡುಗುತ್ತದೆ. ಆ ನಡುಕ ನಿಂತರೆ ದಾರಿ ಮುಚ್ಚಿತು ಎಂದೇ ಅರ್ಥ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿಕೊಳ್ಳಬೇಕು. ಇಷ್ಟು ದಿನ ಇಬ್ಬರೂ ತಮ್ಮ ತಮ್ಮ ಕೈಯನ್ನು ತಾವೇ ಮುಟ್ಟಿ ನೋಡಿಕೊಂಡವರು.

"ಓಡಾಕತ್ತೈತಿ," ಎಂದಳು ಅವಳು.

ಅವನು ಅವಳ ಕೈಯ ಮೇಲೆ ಬೆರಳಿಟ್ಟ. ಹಸಿರು ಬಳೆಗಳ ಕೆಳಗೆ ಆ ನಡುಕ ಸಿಗಲು ಒಂದು ಕ್ಷಣ ಹಿಡಿಯಿತು. ಅವಳು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು.

"ನಿಂದೂ," ಎಂದ.

ಒಳಗಿನಿಂದ ಗುಮಾಸ್ತ ಇಬ್ಬರ ಹೆಸರನ್ನೂ ಒಟ್ಟಿಗೆ ಕೂಗಿದ.