ಕಲ್ಲುಗಾಣದ ಮೂರನೇ ಟೇಪು

"ಹೇಮಕ್ಕ, ನಮ್ಮ ಟೇಪ್ ಕಳುವಾಗೈತೆ. ಹೊಸದಾಗಿ ಮಿಕ್ಸ್ ಮಾಡಿಸಾಕೆ ನಾಳೆ ಅದು ಬೆಂಗಳೂರಿಗೆ ಹೋಗ್ಬೇಕಿತ್ತು!"

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ನಿಂತಿದ್ದ ಹಾಡುಗಾರ ಮಹಾಂತೇಶನ ಮುಖ ಬಿಳಿಚಿತ್ತು.

ಹೇಮಾವತಿಯವರು ಚನ್ನಗಿರಿ ಕೋರ್ಟಿನಲ್ಲಿ ಮೂವತ್ತು ವರ್ಷ ಶೀಘ್ರಲಿಪಿಗಾರ್ತಿಯಾಗಿದ್ದವರು. ಸಾಕ್ಷಿಗಳ ಮಾತನ್ನಷ್ಟೇ ಅಲ್ಲ, ತಡವರಿಕೆಯನ್ನೂ ಬರೆದುಕೊಂಡ ಕಿವಿ ಅವರದು. ನಿವೃತ್ತಿಯ ನಂತರ ಊರಿನ ಗೋಜಲುಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ಪಕ್ಕದ ಮನೆಯ ಟೈಪಿಸ್ಟ್ ಸುನಿತಾ, ಅಂದರೆ ನಾನು, ಎಲ್ಲದಕ್ಕೂ ಅವರ ಜೊತೆಗಿದ್ದೆ.

ಅಂದಿನ ಗೋಜಲು ಮಾತ್ರ ನನ್ನದೂ ಆಗಿತ್ತು. ಮಹಾಂತೇಶನ 'ಕಲ್ಲುಗಾಣ' ನಮ್ಮ ಸೀಮೆಯ ಹಾರ್ಡ್ ರಾಕ್ ತಂಡ. ಇಪ್ಪತ್ತೇಳು ವರ್ಷಗಳ ಹಿಂದೆ ಮುಚ್ಚಿದ ಅಕ್ಕಿ ಗಿರಣಿಯೊಂದರಲ್ಲಿ ಕೂತು ಅವರು ತಮ್ಮ ಮೊದಲ ಆಲ್ಬಮ್ 'ಮೊದಲ ಸುತ್ತು' ಧ್ವನಿಮುದ್ರಿಸಿದ್ದರು. ಎಂಟೇ ಹಾಡು. ಅದನ್ನು ಕೇಳಿದ ಮೇಲೆ ಜಗಳೂರಿನಿಂದ ನ್ಯಾಮತಿಯವರೆಗೆ ಎಷ್ಟು ತಂಡಗಳು ಹುಟ್ಟಿದವೋ! ಗಿಟಾರ್ ಹಿಡಿದವರೆಲ್ಲ ಮೊದಲು ಕಲಿಯುತ್ತಿದ್ದದ್ದು ಐದನೇ ಹಾಡಿನ ನಡುವೆ ಬರುವ ಕೊಟ್ರೇಶನ ಗಿಟಾರ್ ವಾದನವನ್ನು. ಅದರೊಳಗೆ ಆಗಾಗ ಸಣ್ಣಗೆ 'ಝಲ್' ಎನ್ನುವ ಸದ್ದಿದೆ. ಅದಕ್ಕಾಗಿ ಡ್ರಮ್ಮಿಗೆ ಗೆಜ್ಜೆ ಕಟ್ಟುವ ಹುಡುಗರೂ ಇದ್ದರು. ಆ ಕ್ಯಾಸೆಟ್ಟನ್ನು ಸವೆಯುವವರೆಗೆ ಕೇಳಿದವಳು ನಾನು.

ಹೋಗಿ ನೋಡಿದರೆ, ಗಿರಣಿಯಲ್ಲಿ ಮೂಲ ಟೇಪುಗಳನ್ನಿಟ್ಟಿದ್ದ ಬೀರುವಿನ ಬೀಗ ಮುರಿದಿರಲಿಲ್ಲ. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅದು ತಂಡದ ಮೂವರಿಗೂ ಗೊತ್ತು. ಮೂವರೂ ಹಿಂದಿನ ದಿನ ಅಭ್ಯಾಸಕ್ಕೆ ಬಂದಿದ್ದರು. ನಾಲ್ಕು ಡಬ್ಬಿಗಳೂ ಸಾಲಾಗಿಯೇ ಇದ್ದವು, ಆದರೆ ಐದು ಮತ್ತು ಆರನೇ ಹಾಡುಗಳ ಮೂರನೇ ಡಬ್ಬಿ ಖಾಲಿ.

"ಉಳಿದ ಇಬ್ಬರಿಗೆ ಏನಂತ ಹೇಳಿದಿರಿ?" ಎಂದು ಹೇಮಕ್ಕ ಕೇಳಿದರು.

"ಫೋನಲ್ಲಿ 'ಗಿರಣಿಯಲ್ಲಿ ಕಳುವಾಗೈತೆ, ಬರ್ರಿ' ಅಂದೆ, ಅಷ್ಟೇ."

ಡ್ರಮ್ಮಿನ ನಿಂಗರಾಜ್ ಹೊನ್ನಾಳಿಯಿಂದ ಬಂದವನೇ ಖಾಲಿ ಡಬ್ಬಿ ನೋಡಿ ಕಣ್ಣೊರೆಸಿಕೊಂಡ. ಜಗಳೂರಿನಲ್ಲಿ ಗಿಟಾರ್ ಕಲಿಸುವ ಕೊಟ್ರೇಶ್ ಆಮೇಲೆ ಬಂದ. ಹೊಸ್ತಿಲಲ್ಲೇ ನಿಂತು, "ಎರಡು ಹಾಡಿಗೋಸ್ಕರ ಯಾಕೆ ಕೆಲಸ ನಿಲ್ಲಿಸ್ತೀರಿ? ಅವನ್ನ ಕ್ಯಾಸೆಟ್ಟಿನಿಂದ ತಗೊಂಡ್ರಾತು," ಎಂದ.

ಹೇಮಕ್ಕ ಹಳೆಯ ಕ್ಯಾಸೆಟ್ ತರಿಸಿ ಐದನೇ ಹಾಡನ್ನು ಮೂರು ಸಲ ಕೇಳಿದರು. ಅದರ ಹೊದಿಕೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಿಂಗರಾಜನನ್ನು ಹೊರಗೆ ಕರೆದರು.

"ಈ ಗೆಜ್ಜೆ ನಿಮ್ಮದಾ?"

"ನಂದಲ್ಲ ಮೇಡಂ. ಕೊಟ್ರೇಶ ಏನೋ ಮಾಡ್ಯಾನೆ ಅನ್ಕೊಂಡಿದ್ದೆ. ನಾನೂ ಮಹಾಂತೇಶನೂ ನಮ್ಮ ಭಾಗ ಹಿಂದಿನ ದಿನವೇ ಮುಗಿಸಿದ್ವಿ. ಗಿಟಾರ್ ಸೇರಿಸೋ ದಿನ ಮಹಾಂತೇಶನ ತಂಗಿ ಪ್ರೇಮಲತಾ ರೆಕಾರ್ಡಿಂಗ್ ಮಷೀನ್ ನೋಡ್ಕೊಂತಿದ್ಲು. ಸಂಜೆ ಈ ಕವರಿನ ಫೋಟೋ ತೆಗೆಸಾಕೆ ನಾವು ಬಂದ್ವಿ."

ಹೇಮಕ್ಕ ನ್ಯಾಮತಿಯಲ್ಲಿದ್ದ ಪ್ರೇಮಲತಾಗೆ ಫೋನ್ ಮಾಡಿದರು. ಮಧ್ಯಾಹ್ನ ಎಲ್ಲರೂ ಗಿರಣಿಯಲ್ಲಿ ಸೇರಿದೆವು.

"ಕದ್ದವರಿಗೆ ಆಲ್ಬಮ್ ಬೇಕಿರಲಿಲ್ಲ, ಬೇಕಿದ್ದರೆ ನಾಲ್ಕೂ ಟೇಪು ಒಯ್ಯುತ್ತಿದ್ದರು," ಹೇಮಕ್ಕ ಶುರುಮಾಡಿದರು. "ಬೆಂಗಳೂರಿನಲ್ಲಿ ಒಂದೊಂದು ವಾದ್ಯವನ್ನೂ ಬೇರ್ಪಡಿಸಿ ಕೇಳುತ್ತಾರೆ. ಮೂರನೆಯದನ್ನು ಹಾಗೆ ಕೇಳಬಾರದು ಅನ್ನುವುದೇ ಅವರ ಉದ್ದೇಶ. ಹೋದದ್ದು ಎರಡೇ ಹಾಡು ಎಂದು ಯಾರೂ ಹೇಳದೆ ನಿಮಗೆ ಹೇಗೆ ತಿಳಿಯಿತು, ಕೊಟ್ರೇಶ್?"

ಕೊಟ್ರೇಶ್ ಹೆಗಲ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ಇನ್ನು ಆ ಝಲ್ ಸದ್ದು. ತಂತಿಯನ್ನು ಜೋರಾಗಿ ಮೀಟಿದಾಗ ಮಾತ್ರ ಅದು ಬರುತ್ತದೆ. ಅದು ಗೆಜ್ಜೆಯಲ್ಲ, ಮೀಟುವ ಕೈಯ ಗಾಜಿನ ಬಳೆ. ಅದೇ ಸಂಜೆಯ ಚಿತ್ರದಲ್ಲಿ ನಿಮ್ಮ ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿದೆ. ಆ ಬೆರಳುಗಳಲ್ಲಿ ತಂತಿ ಒತ್ತಲು ಆಗುತ್ತಿರಲಿಲ್ಲ. ಗಿರಣಿಯಲ್ಲಿ ಇದ್ದ ಇನ್ನೊಬ್ಬರು ಪ್ರೇಮಲತಾ ಮಾತ್ರ."

ಮಹಾಂತೇಶ್ ತಂಗಿಯನ್ನೇ ನೋಡುತ್ತ ನಿಂತ. "ನನಗೂ ಹೇಳ್ಲಿಲ್ಲಲ್ಲೇ!"

"ಆಗ ನನ್ನ ಮದುವೆ ಗೊತ್ತಾಗಿತ್ತಲ್ಲಣ್ಣ. ಹೆಸರು ಹಾಕಬೇಡಿ ಅಂತ ನಾನೇ ಕೊಟ್ರೇಶಣ್ಣನ ಹತ್ರ ಆಣೆ ಹಾಕಿಸ್ಕೊಂಡೆ. ಆಮೇಲೆ ಅವರ ಅನ್ನ ಅದರ ಮೇಲೇ ನಿಂತಿತು. ಬಾಯಿ ಬಿಡಾಕೆ ಮನಸ್ಸಾಗ್ಲಿಲ್ಲ."

ಕೊಟ್ರೇಶ್ ಚೀಲದಿಂದ ಟೇಪನ್ನು ತೆಗೆದು ಪ್ರೇಮಲತಾಳ ಮುಂದಿಟ್ಟ. "ಮೊದ್ಲು ಮಾತು ಉಳಿಸ್ಕೊಂಡೆ ಅಂತ ಇದ್ದೆ. ಬರ್ತಾ ಬರ್ತಾ ಚಪ್ಪಾಳೆ ರುಚಿ ಹತ್ತಿತು. ಸುಟ್ಟುಹಾಕೋಣ ಅಂತ ಬೆಂಕಿ ಕಡ್ಡಿನೂ ಗೀರಿದ್ದೆ ಹೇಮಕ್ಕ. ಇಂಥದ್ದನ್ನ ಸುಡಾಕೆ ಕೈ ಬರ್ಲಿಲ್ಲ."

ಮಹಾಂತೇಶ್ ಹಳೆಯ ಮಷೀನಿಗೆ ಟೇಪು ಹಾಕಿ ಬರೀ ಗಿಟಾರನ್ನಷ್ಟೇ ಬಿಟ್ಟ. ನೂರಾರು ಸಲ ಕೇಳಿದ್ದರೂ ಆ ದಿನ ನನ್ನ ಮೈ ನವಿರೆದ್ದಿತು. ಎಷ್ಟು ಧೈರ್ಯ, ಎಷ್ಟು ನಿಖರ! ಪ್ರೇಮಲತಾ ಕಣ್ಣು ಮುಚ್ಚಿ ಕೂತಿದ್ದಳು. ಕೊನೆಯ ತಂತಿಯ ನಾದ ಅಡಗಿದ ಮೇಲೆ, ಕ್ಯಾಸೆಟ್ಟಿನಲ್ಲಿ ಎಂದೂ ಬಾರದ ಒಂದು ನಗು ಕೇಳಿಸಿತು. ಹಿಂದೆಯೇ ಇಪ್ಪತ್ತರ ಹುಡುಗಿಯ ದನಿ:

"ಕೊಟ್ರೇಶಣ್ಣ, ಸರಿ ಬಂತಾ?"

ಕೊಟ್ರೇಶ್ ಮಷೀನಿನ ಕಡೆಗೇ ಕೈಮುಗಿದ.

"ಬಂತು ತಾಯಿ," ಎಂದ. "ನನಗಿಂತ ಚಲೋ ಬಂತು."