ಹಿಲ್ಡಜ್ಜಿಯ ಕ್ಯಾಮೆರಾ ಮತ್ತು ಮಂಜಿನ ಕೋಟೆ

ಬಹಳ ಹಿಂದೆ, ಬಿಸಿಲಿಗಿಂತ ಮಂಜೇ ಹೆಚ್ಚು ಬೀಳುತ್ತಿದ್ದ ಚಂದ್ರಗಾವಿ ಎಂಬ ರಾಜ್ಯವಿತ್ತು. ಅಲ್ಲಿ ಕಂಬಳಿ ನೇಯುವ ಹಾಲಪ್ಪನೂ ಅವನ ಹೆಂಡತಿ ದುಂಡವ್ವನೂ ಇದ್ದರು. ಹಾಲಪ್ಪ ನೇಯುವಾಗ ಹಾಡುತ್ತಿದ್ದ. ಅವನ ರಾಗ ಕೆಟ್ಟದಾಗಿತ್ತು, ಕಂಬಳಿ ಚೆನ್ನಾಗಿತ್ತು. ಹೆಂಡತಿಗೆ ಎರಡೂ ಒಗ್ಗಿಹೋಗಿದ್ದವು.

ಆ ರಾಜ್ಯದ ಗಡಿಯಲ್ಲಿ ಮಂಜಿನ ಕೋಟೆ ಇತ್ತು. ಅದರೊಳಗೆ ಮಸುಕಯ್ಯ ಎಂಬ ಮಾಂತ್ರಿಕನಿದ್ದ. ಚಳಿಗಾಲ ಬಂತೆಂದರೆ ಅವನು ಒಬ್ಬರನ್ನು ಮಂಜಿನಲ್ಲಿ ಸುತ್ತಿ ಹೊತ್ತೊಯ್ಯುತ್ತಿದ್ದ. ಹುಡುಕಿಕೊಂಡು ಹೋದವರ ಮುಂದೆ, ಕಳೆದುಹೋದವರಂತೆಯೇ ಇರುವ ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದ. "ನಿಜವಾದವರನ್ನು ತೋರಿಸಿ, ಕರೆದುಕೊಂಡು ಹೋಗಿ" ಎನ್ನುತ್ತಿದ್ದ. ತಪ್ಪಾಗಿ ತೋರಿಸಿದವರು ಮೃಗವಾಗಿ ಅವನ ಕೋಟೆಯನ್ನೇ ಕಾಯಬೇಕಾಗಿತ್ತು. ಸರಿಯಾಗಿ ತೋರಿಸಿದವರು ಒಬ್ಬರೂ ಇರಲಿಲ್ಲ.

ಒಂದು ಚಳಿಗಾಲ ಮಸುಕಯ್ಯ ಹಾಲಪ್ಪನನ್ನು ಹೊತ್ತೊಯ್ದ.

ದುಂಡವ್ವ ಸಹಾಯ ಕೇಳಲು ಅರಮನೆಗೆ ಹೋದಳು. ಸೈನಿಕರು ತಲೆ ತಗ್ಗಿಸಿದರು. ಬಾಗಿಲು ಕಾಯುವ ಮುದುಕ ಮಾತ್ರ, "ನಮ್ಮ ಕಣ್ಣು ಅಲ್ಲಿ ಮೋಸ ಹೋಗ್ತದೆ ತಾಯಿ. ಬೇರೆ ಕಣ್ಣೇ ಬೇಕು. ಹಳೇ ಸಾಮಾನಿನ ಸಂತೇಲಿ ಹಿಲ್ಡಜ್ಜಿ ಅಂತ ಇದ್ದಾಳೆ, ಕೇಳಿ ನೋಡು" ಎಂದ.

ಹಿಲ್ಡಜ್ಜಿ ಏಳು ಸಮುದ್ರದಾಚೆಯ ಜರ್ಮನ್ ದೇಶದವಳು. ಹರೆಯದಲ್ಲಿ ಹಡಗು ಹತ್ತಿ ಬಂದವಳು ಇಲ್ಲೇ ಉಳಿದು, ಇಲ್ಲಿಯ ಮಾತನ್ನೇ ಆಡುತ್ತಿದ್ದಳು. ನೆಲದ ಮೇಲೆ ಬಟ್ಟೆ ಹಾಸಿ ತನ್ನ ದೇಶದ ಹಳೆಯ ಕ್ಯಾಮೆರಾಗಳನ್ನು ಜೋಡಿಸಿಕೊಂಡು ಕೂತಿದ್ದಳು.

ದುಂಡವ್ವ ಎಲ್ಲಕ್ಕಿಂತ ಹೊಳೆಯುವುದಕ್ಕೆ ಕೈ ಹಾಕಿದಳು.

"ಲೆನ್ಸನ್ನು ಆಕಾಶಕ್ಕೆ ಹಿಡಿದು ನೋಡು" ಎಂದಳು ಅಜ್ಜಿ.

ಗಾಜಿನೊಳಗೆ ಜೇಡರ ಬಲೆಯಂತೆ ಬಿಳಿಯ ಬೂಷ್ಟು ಹಬ್ಬಿತ್ತು.

ದುಂಡವ್ವ ಇನ್ನೊಂದನ್ನು ಎತ್ತಿಕೊಂಡಳು. "ಗುಂಡಿ ಒತ್ತಿ ಕಿವಿಗಿಡು" ಎಂದಳು ಅಜ್ಜಿ. ಒಳಗೆ ಬೆಳಕು ಬಿಡುವ ಪುಟ್ಟ ಬಾಗಿಲು, ಷಟರ್, ತೆರೆಯಿತು, ಮುಚ್ಚಲಿಲ್ಲ. ಜಿಡ್ಡುಗಟ್ಟಿ ಹಿಡಿದುಕೊಂಡಿತ್ತು.

"ಎಲ್ಲಾ ಕೆಟ್ಟಿದ್ದೇ ಇಟ್ಟಿದ್ದೀರಲ್ಲ ಅಜ್ಜಿ."

"ಕೆಟ್ಟಿದ್ದು ಅಂತ ಹೇಳಿಯೇ ಮಾರ್ತೀನಿ. ಮೂಲೇಲಿ ಇದೆಯಲ್ಲ, ಅದನ್ನ ತಗೋ."

ಅದರ ಕಪ್ಪು ಬಣ್ಣ ಸವೆದು ಅಂಚಿನಲ್ಲಿ ಹಿತ್ತಾಳೆ ಕಾಣುತ್ತಿತ್ತು. ತಲೆಯ ಮೇಲೊಂದು ತಗ್ಗು. ಆದರೆ ಗಾಜು ಬಾವಿಯ ನೀರಿನಂತೆ ತಿಳಿಯಾಗಿತ್ತು. ಗುಂಡಿ ಒತ್ತಿದಾಗ ಷಟರ್ ಮೆಲ್ಲಗೆ ತೆರೆದು ಮುಚ್ಚಿತು.

ಅಜ್ಜಿ ಹೇಳಿಕೊಟ್ಟಳು. ಲೆನ್ಸು ಒಳಗೆ ಹುದುಗಿರುತ್ತದೆ, ಅದನ್ನು ಹೊರಗೆಳೆದು ತಿರುಗಿಸಿ ಬಿಗಿ ಮಾಡಬೇಕು. ಪಕ್ಕದ ಕಿಂಡಿಯಲ್ಲಿ ನೋಡಿದರೆ ಎದುರಿನದು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡೂ ಸರಿದು ಒಂದಾಗುತ್ತವೆ. ಆಗ ಗುಂಡಿ ಒತ್ತಬೇಕು.

"ನಿಜವಾಗಿ ಇರೋದು ಮಾತ್ರ ಒಂದಾಗ್ತದೆ" ಎಂದಳು ಅಜ್ಜಿ. "ಬರೀ ಮಾಯೆ ಆದ್ರೆ ಎಷ್ಟು ತಿರುಗಿಸಿದರೂ ಎರಡೇ. ಫಿಲ್ಮಿನಲ್ಲಿ ಚಿತ್ರ ಬಿದ್ದವರಿಗೆ ಅವರ ನಿಜರೂಪ ವಾಪಸು ಬರ್ತದೆ. ಆಮೇಲೆ ಯಾವ ಮಂತ್ರವೂ ತಟ್ಟಲ್ಲ. ಆದರೆ ನನ್ನ ಹತ್ರ ಇರೋದು ತುಂಡು ಫಿಲ್ಮು. ನಾಲ್ಕು ಚಿತ್ರ, ಅಷ್ಟೇ."

"ಏನು ಕೊಡಲಿ?"

ಅಜ್ಜಿ ಅವಳ ಹೆಗಲ ಕಂಬಳಿಯನ್ನು ಮುಟ್ಟಿ ನೋಡಿದಳು. ಅದು ಹಾಲಪ್ಪ ನೇಯ್ದ ಕೊನೆಯ ಕಂಬಳಿ. ದುಂಡವ್ವ ಒಂದು ಗಳಿಗೆ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ತೆಗೆದು ಅಜ್ಜಿಗೆ ಹೊದಿಸಿದಳು.

ಕೋಟೆಯ ಬಾಗಿಲಲ್ಲಿ ಹುಲಿ ಮಲಗಿತ್ತು. ಅವಳನ್ನು ಕಂಡು ಎದ್ದಿತು.

"ಎಲ್ಲರೂ ಕತ್ತಿ ತರ್ತಾರೆ, ನೀನು ಡಬ್ಬಿ ತಂದಿದ್ದೀಯಲ್ಲಮ್ಮ" ಎಂದಿತು ಹುಲಿ. "ನನ್ನನ್ನ ದಾಟಿ ಹೋಗೋಕೆ ಆಗದವರನ್ನ ತಿನ್ನು ಅಂತ ನನಗೆ ಅಪ್ಪಣೆ ಆಗಿದೆ. ಬೇಸರ ಮಾಡ್ಕೋಬೇಡ."

ದುಂಡವ್ವ ಕ್ಯಾಮೆರಾ ಎತ್ತಿ ಕಿಂಡಿಗೆ ಕಣ್ಣಿಟ್ಟಳು. ಎರಡು ಹುಲಿ ಕಂಡವು. ಬಳೆ ತಿರುಗಿಸಿದಳು, ಒಂದಾಯಿತು. ಗುಂಡಿ ಒತ್ತಿದಳು. ಹುಲಿ ಹುಲಿಯಾಗಿಯೇ ಇತ್ತು, ಇನ್ನೂ ಹತ್ತಿರ ಬಂದಿತ್ತು.

"ಅದರ ಮೂತಿಗೆ ಮುಚ್ಚಳ ಇದೆಯಲ್ಲ" ಎಂದಿತು ಹುಲಿ.

ಹೌದು, ಲೆನ್ಸಿನ ಮುಚ್ಚಳವನ್ನು ಅವಳು ತೆಗೆದಿರಲೇ ಇಲ್ಲ. ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ. ಹಾಗಾಗಿ ಮುಚ್ಚಿದ್ದು ತಿಳಿದಿರಲಿಲ್ಲ. ಒಂದು ಚಿತ್ರ ಸುಮ್ಮನೆ ಹೋಯಿತು.

"ಬೇಗ ತೆಗಿಯಮ್ಮ, ನನಗೂ ಹುಲಿಯಾಗಿ ಸಾಕಾಗಿದೆ. ಈ ಕಾಲು ನನ್ನ ಮಾತು ಕೇಳ್ತಿಲ್ಲ, ತಾನೇ ನಡೀತಾ ಇದೆ."

ಮುಚ್ಚಳ ಕಿತ್ತು ಸೆರಗಿಗೆ ಕಟ್ಟಿದಳು. ಫಿಲ್ಮು ಮುಂದೆ ಸರಿಸಿದಳು. ಮತ್ತೆ ಎರಡನ್ನು ಒಂದು ಮಾಡಿ ಒತ್ತಿದಳು. ಹುಲಿಯ ಜಾಗದಲ್ಲಿ ಬೊಜ್ಜಿನ ಗಂಡಸೊಬ್ಬ ತನ್ನ ಕೈಬೆರಳು ನೋಡಿಕೊಳ್ಳುತ್ತ ನಿಂತಿದ್ದ. ಅವನು ಅರಮನೆಯ ಅಡಿಗೆಯ ಸಂಗಪ್ಪ. ಮಾಂತ್ರಿಕ ಹೊತ್ತೊಯ್ದಿದ್ದ ಅಕ್ಕನನ್ನು ಹುಡುಕಿ ಬಂದು ಹುಲಿಯಾಗಿದ್ದ.

"ನಿನ್ನ ಋಣ ತೀರಿಸೋಕೆ ಆಗಲ್ಲ ತಾಯಿ" ಎಂದು ಅತ್ತ.

"ಅಳಬೇಡಿ ಅಣ್ಣ, ಇಲ್ಲೇ ಕೂತಿರಿ" ಎಂದು ಅವಳು ಒಳಗೆ ನಡೆದಳು.

ಬಾಗಿಲು ದಾಟಿದರೆ ಕತ್ತಲೆಯ ಓಣಿ. ಗೋಡೆಯ ಸಣ್ಣ ಬಿರುಕಿನಿಂದ ಎಳೆಯಷ್ಟು ಬೆಳಕು. ಓಣಿಯ ಕೊನೆಯಲ್ಲಿ ಎತ್ತಿನಷ್ಟು ದೊಡ್ಡ ಗೂಬೆ. ಬೆಳಕು ಕಡಿಮೆ ಇದ್ದರೆ ಷಟರ್ ನಿಧಾನಕ್ಕೆ ತೆರೆದು ಮುಚ್ಚುವಂತೆ ಮಾಡಬೇಕು, ಅದು ಮುಚ್ಚುವವರೆಗೆ ಅಲುಗಬಾರದು ಎಂದು ಅಜ್ಜಿ ಹೇಳಿದ್ದಳು. ದುಂಡವ್ವ ಮೊಣಕೈಗಳನ್ನು ಗೋಡೆಗೆ ಊರಿದಳು. ಫಿಲ್ಮು ಸರಿಸಿ, ಎರಡು ಗೂಬೆಯನ್ನು ಒಂದು ಮಾಡಿ, ಉಸಿರು ಹಿಡಿದು ಒತ್ತಿದಳು.

ಷಟರ್ ಜುಂಯ್ ಎನ್ನತೊಡಗಿತು. ಗೂಬೆ ಕೊಕ್ಕು ತೆರೆದು ಹಾರಿ ಬಂತು. ಜುಂಯ್ ಎನ್ನುತ್ತಲೇ ಇತ್ತು. ರೆಕ್ಕೆಯ ಗಾಳಿಗೆ ಅವಳ ಕೂದಲು ಹಾರಿತು. ಓಡಿಬಿಡು ಎಂದು ಕಾಲು ಹೇಳಿತು. ಅವಳು ನಿಂತಳು. ಕೊಕ್ಕು ಕೆನ್ನೆಗೆ ತಾಗುವಷ್ಟರಲ್ಲಿ ಷಟರ್ ಮುಚ್ಚಿತು. ಗೂಬೆ ಹೆಂಗಸಾಗಿ ಅವಳ ತೋಳಿಗೆ ಬಿದ್ದಿತು.

"ನೀವು ಸಂಗಪ್ಪನ ಅಕ್ಕ ತಾನೆ? ಮೂಗು ಒಂದೇ ಥರ ಇದೆ. ಹೊರಗೆ ಕೂತಿದ್ದಾನೆ, ಹೋಗಿ."

ಉಳಿದದ್ದು ಒಂದೇ ಚಿತ್ರ.

ಮುಂದೆ ದೊಡ್ಡ ಸಭಾಂಗಣ. ಎತ್ತರದ ಪೀಠದಲ್ಲಿ ಮಸುಕಯ್ಯ ಕೂತಿದ್ದ. ಬೂದಿ ಮುಖ, ಬೂದಿ ಗಡ್ಡ, ತಣ್ಣನೆಯ ನಗು. ಅವನ ಮುಂದೆ ಸಾಲಾಗಿ ಹಾಲಪ್ಪಂದಿರು.

"ಬಂದೆಯಾ ದುಂಡಿ? ಒಲೆ ಆರಿಸಿ ಬಂದೆ ತಾನೆ?" ಎಂದ ಒಬ್ಬ.

"ಅವನ ಮಾತು ಕೇಳಬೇಡ, ನಾನೇ ನಿನ್ನ ಗಂಡ" ಎಂದ ಇನ್ನೊಬ್ಬ.

ಮತ್ತೊಬ್ಬ ಹಾಡಿದ. ರಾಗ ಅಷ್ಟೇ ಕೆಟ್ಟದಾಗಿತ್ತು.

ದುಂಡವ್ವನ ಕಣ್ಣು ತುಂಬಿತು. ಯಾರನ್ನು ನೋಡಿದರೂ ಇವರೇ ಅನ್ನಿಸಿತು. ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದಳು. ಮೊದಲನೆಯವನು ಎರಡಾಗಿ ಕಂಡ. ಬಳೆ ಪೂರ್ತಿ ತಿರುಗಿಸಿದರೂ ಒಂದಾಗಲಿಲ್ಲ. ಪಕ್ಕದವನೂ ಹಾಗೆಯೇ. ಅವನ ಪಕ್ಕದವನೂ ಹಾಗೆಯೇ. ಸಾಲಿನ ಕೊನೆಯವರೆಗೆ ನೋಡಿದಳು. ಒಬ್ಬನೂ ಒಂದಾಗಲಿಲ್ಲ.

"ಆಯಿತಾ?" ಎಂದು ಕೇಳಿತು ಪೀಠದ ಕಡೆಯಿಂದ ಮಾಂತ್ರಿಕನ ಧ್ವನಿ. "ಬೆರಳು ತೋರಿಸು, ಹೊತ್ತಾಯ್ತು."

ಅವಳು ಆ ಕಡೆ ತಿರುಗಿದಳು. ಕಣ್ಣು ಇನ್ನೂ ಕಿಂಡಿಯಲ್ಲೇ ಇತ್ತು, ಬೆರಳು ಬಳೆಯ ಮೇಲೇ ಇತ್ತು. ಪೀಠದ ಮೇಲಿನ ಎರಡು ಬೂದಿ ಮುಖಗಳು ಮೆಲ್ಲಗೆ ಸರಿದು, ಗೆರೆಗೆ ಗೆರೆ ಕೂಡಿ, ಒಂದಾದವು.

ದುಂಡವ್ವ ಕ್ಯಾಮೆರಾ ಇಳಿಸಿ ಬರಿಗಣ್ಣಿನಲ್ಲಿ ನೋಡಿದಳು. ಮಸುಕಯ್ಯನೇ. ಮತ್ತೆ ಕಿಂಡಿಯಲ್ಲಿ ನೋಡಿದಳು. ಆ ಸಭೆಯಲ್ಲಿ ನಿಜವಾಗಿ ಇದ್ದವನು ಅವನೊಬ್ಬನೇ.

"ನನ್ನ ಚಿತ್ರ ತೆಗೀತೀಯಾ?" ಎಂದು ಧ್ವನಿ ನಕ್ಕಿತು. "ತೆಗಿ. ಗಂಡನ ಬದಲು ನನ್ನನ್ನ ಮನೇಲಿ ತೂಗುಹಾಕಿಕೋ."

ನಕ್ಕಾಗ ಪೀಠದವನ ತುಟಿ ಅಲುಗಲಿಲ್ಲ ಎಂಬುದು ಅವಳಿಗೆ ಕಂಡಿತು. ಆ ಧ್ವನಿ ಅವನ ಸುತ್ತಲಿನ ಮಂಜಿನಿಂದ ಬರುತ್ತಿತ್ತು.

ಆದರೂ ಇದೇ ಕೊನೆಯ ಚಿತ್ರ. ತಪ್ಪಿದರೆ ತಾನೂ ಮೃಗ, ಹಾಲಪ್ಪನೂ ಇಲ್ಲ. ಮುಚ್ಚಳ ತೆಗೆದಿದೆಯೇ ನೋಡಿದಳು, ತೆಗೆದಿತ್ತು. ಲೆನ್ಸು ಪೂರ್ತಿ ಹೊರಗಿದೆಯೇ ಮುಟ್ಟಿ ನೋಡಿದಳು, ಬಿಗಿಯಾಗಿತ್ತು. ಫಿಲ್ಮು ಸರಿಸಿದಳು. ತನ್ನ ಕಣ್ಣನ್ನು ಬಿಟ್ಟು ಗಾಜಿನ ಕಣ್ಣನ್ನು ನಂಬಿ, ಲೋಕದಲ್ಲಿ ಅವಳಿಗೆ ಅತ್ಯಂತ ಅಸಹ್ಯವಾದ ಆ ಮುಖಕ್ಕೆ ಹಿಡಿದು, ಗುಂಡಿ ಒತ್ತಿದಳು.

ಗಡ್ಡ ಉದುರಿತು. ಬೂದಿ ಉದುರಿತು. ಪೀಠದ ಮೇಲೆ ಹಾಲಪ್ಪ ಬಾಯಿ ತೆರೆದುಕೊಂಡು ಕೂತಿದ್ದ.

ಮಸುಕಯ್ಯ ಎಂಬವನಿಗೆ ಸ್ವಂತ ಮೈಯೇ ಇರಲಿಲ್ಲ. ಅವನು ಬರೀ ಮಂಜು. ಕದ್ದು ತಂದವರ ಮೈಯನ್ನೇ ತೊಟ್ಟು ಪೀಠದಲ್ಲಿ ಕೂರುತ್ತಿದ್ದ, ಹೊಸಬರು ಸಿಕ್ಕಾಗ ಹಳಬರನ್ನು ಮೃಗ ಮಾಡುತ್ತಿದ್ದ. ಎಲ್ಲರೂ ಸಾಲನ್ನು ನೋಡಿದರು, ಪೀಠವನ್ನು ಯಾರೂ ನೋಡಲಿಲ್ಲ. ಈಗ ತೊಡಲು ಮೈಯಿಲ್ಲದೆ ಅವನು ಕಿಟಕಿಯಿಂದ ಹೊರಗೆ ಸೋರಿದ. ಹೊರಗೆ ಬಿಸಿಲು ಬಂದಿತ್ತು. ಅಲ್ಲಿಗೆ ಅವನು ಮುಗಿದ. ಕೋಟೆಯ ಸುತ್ತಲ ಕಾಡಿನಲ್ಲಿ ಕಾವಲಿದ್ದ ಕರಡಿ, ತೋಳ, ಜಿಂಕೆಗಳೆಲ್ಲ ಮನುಷ್ಯರಾಗಿ, ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತ ಊರಿನ ದಾರಿ ಹಿಡಿದರು.

ಹಿಲ್ಡಜ್ಜಿ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು ಚಿತ್ರ ಮಾಡಿ, ಸಂತೆಯಲ್ಲಿ ತಾನು ಕೂರುವ ಜಾಗದಲ್ಲಿ ದಾರಕ್ಕೆ ನೇತುಹಾಕಿದಳು.

"ಬಾಯಿ ಮುಚ್ಚಿ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದ ಹಾಲಪ್ಪ, ತನ್ನ ಚಿತ್ರ ನೋಡಿ.

"ಹೇಳಿದ್ದರೆ ನೀವು ಯಾವತ್ತು ಮುಚ್ಚಿದ್ದೀರಿ?" ಎಂದಳು ದುಂಡವ್ವ. ಆಮೇಲೆ ಅಜ್ಜಿಯ ಕಾಲಿಗೆ ಬಿದ್ದಳು.

ಅಜ್ಜಿ ಅವಳನ್ನು ಎಬ್ಬಿಸಿದಳು. "ನಾನು ಮಾರಿದವಳು, ಅಷ್ಟೇ. ಆ ಗಾಜನ್ನ ಉಜ್ಜಿದವರು ನಮ್ಮೂರ ಕಡೆ ಯಾರೋ. ಕಿಟಕಿ ಪಕ್ಕ ಕೂತು, ಸಾಲದು ಅಂತ ಮತ್ತೆ ಉಜ್ಜಿ, ಮತ್ತೆ ನೋಡಿ ಇಟ್ಟಿರ್ತಾರೆ. ಅದು ಯಾರ ಕೈ ಸೇರ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಚೆನ್ನಾಗಿ ಮಾಡಿದರು."

"ನಿಮ್ಮೂರು ಯಾವ ದಿಕ್ಕಿಗೆ ಅಜ್ಜಿ?"

ಅಜ್ಜಿ ತಲೆಯೆತ್ತಿ ಅವಳನ್ನು ನೋಡಿದಳು. ಎಷ್ಟೋ ವರ್ಷಗಳಿಂದ ಯಾರೂ ಅದನ್ನು ಕೇಳಿರಲಿಲ್ಲ. ಆಮೇಲೆ ಉಪ್ಪಿನ ಅಂಗಡಿಯಾಚೆ, ಹೊತ್ತು ಇಳಿಯುವ ಕಡೆಗೆ ಕೈ ತೋರಿದಳು. ದುಂಡವ್ವ ಅತ್ತ ತಿರುಗಿ ಕೈ ಮುಗಿದಳು. ಹಾಲಪ್ಪನೂ ಮುಗಿದ. ಸಂಗಪ್ಪ, ಅವನ ಅಕ್ಕ, ಕರಡಿಯಾಗಿದ್ದವರು, ಜಿಂಕೆಯಾಗಿದ್ದವರು, ಸಂತೆಗೆ ಬಂದವರು, ಎಲ್ಲರೂ ಹೆಸರು ತಿಳಿಯದ ಆ ಕೈಗಳಿಗೆ ಕೈ ಮುಗಿದರು. ತನ್ನ ಊರಿಗೆ ಇಷ್ಟೊಂದು ಜನ ಕೈ ಮುಗಿಯುವುದನ್ನು ಅಜ್ಜಿ ಇಲ್ಲಿ ನಿಂತು ನೋಡಿದಳು. ಆಮೇಲೆ ಅವಳು ಕೈ ಮುಗಿದಳು, ಆ ಜನರ ಕಡೆಗೆ ತಿರುಗಿ.

ಅಂದಿನಿಂದ ಚಂದ್ರಗಾವಿಯಲ್ಲಿ ಮಂಜು ಬಿದ್ದರೂ ಹೊತ್ತೇರುವಷ್ಟರಲ್ಲಿ ಕರಗುತ್ತದೆ. ಚಿತ್ರ ತೆಗೆಸಿಕೊಳ್ಳಲು ಕೂತವರು ಮೊದಲು ಪಡುವಣಕ್ಕೊಮ್ಮೆ ಕೈ ಮುಗಿದು, ಆಮೇಲೆ ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ. ಕೇಳಿದ ನಿಮ್ಮ ಅಂಗಳದಲ್ಲೂ ಬಿಸಿಲು ಬೀಳಲಿ.