ಬಿಸಿಲು ಕಾಣದ ನೀರು

ಇಡೀ ಜಪಾನಿನಲ್ಲಿ ಚಿನ್ನದ ಮೀನಿನ ತೊಟ್ಟಿಯನ್ನು ನನ್ನಷ್ಟು ತಿಳಿಯಾಗಿ ಇಟ್ಟವನಿಲ್ಲ. ನಮ್ಮ ಬೀದಿಯ ಬೆಕ್ಕುಗಳು ನೀರಿರುವುದೇ ಗೊತ್ತಾಗದೆ ಗಾಜಿಗೆ ಮೂಗು ಜಜ್ಜಿಕೊಳ್ಳುತ್ತಿದ್ದವು. ಹೆಂಡತಿ ಫುಸಾಯೆ ಮಾತ್ರ ಮೆಚ್ಚಲಿಲ್ಲ.

"ರೀ, ನಲ್ಲಿ ನೀರಿಗೆ ಕ್ಲೋರಿನ್ ಔಷಧಿ ಹಾಕಿರ್ತಾರೆ. ಒಂದಿನ ಬಿಸಿಲಲ್ಲಿಟ್ಟು ಹಾಕಿ, ಇಲ್ದಿದ್ರೆ ಮೀನಿಗೆ ಉರಿಯುತ್ತೆ. ನೀವೂ ಹಂಗೇ. ನೋಡೋಕೆ ತಿಳಿ, ಜೊತೆಗಿದ್ರೆ ಉರಿ."

ಅವಳು ಸತ್ತ ವರ್ಷ, ಸತ್ತವರು ಮನೆಗೆ ಬರುವ ಓಬೋನ್ ಹಬ್ಬದ ದಿನ, ನಾದಿನಿ ತ್ಸುಯುಕೊ ಬಂದವಳೇ ಚುಚ್ಚಿದಳು: "ಏನ್ ಭಾವ, ಅಕ್ಕನ ಮೀನೆಲ್ಲ ಕೊಂದು ಒಂದು ಉಳಿಸಿದ್ದೀರಾ? ಅದೂ ಈ ಮಬ್ಬು ನೀರಲ್ಲಿ!"

ನನ್ನ ತೊಟ್ಟಿ, ಮಬ್ಬು! ರೋಷಕ್ಕೆ ಅದನ್ನು ಪೂರ್ತಿ ತೊಳೆದು, ನಲ್ಲಿಯಿಂದ ತಣ್ಣನೆಯ ನೀರು ಹಿಡಿದು ನೇರ ಸುರಿದೆ. ಸುರಿಯುವಾಗ ಕೈಗೆ ತಗುಲಿದ ನೀರು ಬೆಚ್ಚಗಿತ್ತು. ಔಷಧಿಯ ವಾಸನೆಯಿರಲಿಲ್ಲ, ಕಾದ ಮರದ ವಾಸನೆಯಿತ್ತು. ಫುಸಾಯೆ ಬಿಸಿಲಿಗೆ ನೀರಿಡುತ್ತಿದ್ದ ಮರದ ಬಾನಿಯನ್ನು ನಾನು ಎಂದೋ ಒಡೆದು ಒಲೆಗೆ ಹಾಕಿದ್ದೆ.

ತ್ಸುಯುಕೊ ಬೆರಳದ್ದಿ ಮೆತ್ತಗಾದಳು. "ಪರವಾಗಿಲ್ವೇ, ಬಿಸಿಲಲ್ಲಿಟ್ಟಿದ್ರಾ?"

"ಹೂಂ" ಎಂದೆ. ನನ್ನ ಜೀವಮಾನದ ಅತಿ ಚಿಕ್ಕ ಸುಳ್ಳು.

ಮೀನು ಇನ್ನೂ ಬದುಕಿದೆ. ಆ ವಾರವೆಲ್ಲ ಮಳೆ, ಬಿಸಿಲೇ ಬಿದ್ದಿರಲಿಲ್ಲ. ಮೀನಿಗೆಂದು ಹಿಡಿದ ನೀರು ಇಂದಿಗೂ ಬೆಚ್ಚಗಾಗುತ್ತದೆ. ಅದೇ ನಲ್ಲಿಯಲ್ಲಿ ನನಗೆಂದು ಹಿಡಿದದ್ದು ತಣ್ಣಗೇ ಇರುತ್ತದೆ.